ನಿಮಗಿದು ಗೊತ್ತೇ? ಮಂಗ ಸತ್ತರೆ ಮೂರು ಇಲಾಖೆ

ಮಂಗನ ಬಾವು ಬೇರೆ, ಮಂಗನ ಕಾಯಿಲೆ ಬೇರೆ. ಮೊದಲನೆಯದು ಮಕ್ಕಳ ಕೆನ್ನೆ ಊದಿಸುವ ಬೇನೆ. ಅದಕ್ಕೂ ಮಂಗಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನೂ ಇಲ್ಲ. ಎರಡನೆಯದು ಕಾಡಿನ ಮಂಗವನ್ನೂ ಕಾಡಂಚಿನ ಮನುಷ್ಯನನ್ನೂ ಒಂದೇ ಕಾಲಕ್ಕೆ ಕೆಡವುವ ಜ್ವರ. ಘಟ್ಟದ ಆಚೀಚಿನವರಿಗೆ ಈ ವ್ಯತ್ಯಾಸ ಹೇಳಬೇಕಾಗಿಲ್ಲ. ಬಯಲುಸೀಮೆಯ ಗೆಳೆಯರೊಬ್ಬರು ಮಾತ್ರ 'ಅರಿಸಿನ ಹಚ್ಚಿದರೆ ಇಳಿಯುತ್ತಲ್ಲ ಮಾರಾಯ್ರೆ' ಎಂದು ನನಗೇ ಔಷಧ ಹೇಳಿಕೊಟ್ಟಿದ್ದರು.

ಈ ಜ್ವರದ ಶಾಸ್ತ್ರೀಯ ಹೆಸರಿನಲ್ಲಿ ಸೊರಬ ತಾಲ್ಲೂಕಿನ ಒಂದು ಊರು ಅಜರಾಮರವಾಗಿ ಕೂತಿದೆ: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚುಟುಕಾಗಿ ಕೆಎಫ್‌ಡಿ. ಮಲೇಷ್ಯಾದ ಸುಂಗೈ ನಿಪಾ ಎಂಬ ಹಳ್ಳಿ, ಅಮೆರಿಕದ ಲೈಮ್ ಎಂಬ ಪಟ್ಟಣ, ಕಾಂಗೋ ದೇಶದ ಎಬೋಲಾ ಎಂಬ ಹೊಳೆ ಇದೇ ಪಂಕ್ತಿಯವು. ಹೊಸ ಕಾಯಿಲೆಗೆ ಜಾಗದ ಹೆಸರನ್ನೂ ಪ್ರಾಣಿಯ ಹೆಸರನ್ನೂ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ನಮ್ಮದಕ್ಕೆ ಇಂಗ್ಲಿಷಿನಲ್ಲಿ ಜಾಗದ ಹೆಸರು, ಕನ್ನಡದಲ್ಲಿ ಪ್ರಾಣಿಯ ಹೆಸರು. ಎರಡು ತಪ್ಪೂ ಆಗಿಹೋಗಿವೆ.

1957ರ ಬೇಸಿಗೆಯ ಹೊತ್ತಿಗೆ ಆ ಭಾಗದ ಕಾಡುಗಳಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದವು. ಸೌದೆಗೆ, ಸೊಪ್ಪಿಗೆ ಹೋಗಿ ಬಂದವರು ಜ್ವರ ಹತ್ತಿ ಮಲಗುತ್ತಿದ್ದರು. ಮೈಕೈ ಮುರಿದುಹೋದಂತೆ ನೋವು, ತಲೆ ಸಿಡಿತ, ಕೆಲವರಿಗೆ ರಕ್ತಸ್ರಾವ. ಮಂಗದ ಸಾವಿಗೂ ಮನುಷ್ಯರ ಜ್ವರಕ್ಕೂ ನಂಟಿದೆ ಎಂದು ಮೊದಲು ಗಮನಿಸಿದವರು ಡಾಕ್ಟರುಗಳಲ್ಲ, ಅಲ್ಲಿನ ಊರವರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿದಾಗ ಅಲ್ಲಿ ಗಾಬರಿಯಾಯಿತು. ಏಕೆಂದರೆ ಮೊದಲು ಮಂಗ, ಆಮೇಲೆ ಮನುಷ್ಯ ಎಂಬ ಸಾವಿನ ಸರದಿ ದಕ್ಷಿಣ ಅಮೆರಿಕದ ಹಳದಿ ಜ್ವರದ ಗುರುತು. ಏಷ್ಯಾದಲ್ಲಿ ಹಳದಿ ಜ್ವರ ಎಂದೂ ನೆಲೆಯೂರಿದ್ದಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಬಚ್ಚಲು, ಹಂಡೆ, ತೆಂಗಿನ ಚಿಪ್ಪುಗಳಲ್ಲಿ ಸುಖವಾಗಿದೆ. ಒಮ್ಮೆ ಹೊಕ್ಕರೆ ಗತಿಯೇನು?

ವೈದ್ಯ ಟೆಲ್ಫೋರ್ಡ್ ವರ್ಕ್, ಪ್ರಾಣಿಶಾಸ್ತ್ರಜ್ಞ ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಂಗಡಿಗರು ಕಾಡಿಗೆ ಇಳಿದರು. ಕಾಯಿಲೆ ಬಿದ್ದ ಮಂಗದಲ್ಲಿ ಸಿಕ್ಕಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯಾದ ಕಾಡುಗಳಲ್ಲಿ ಉಣ್ಣಿ ಕಚ್ಚಿ ಬರುವ ಮಿದುಳು ಜ್ವರದ ದಾಯಾದಿ! ಸೊಳ್ಳೆ ಹುಡುಕಲು ತಲೆ ಎತ್ತಿದ್ದವರು ಈಗ ಬಗ್ಗಿ ತರಗೆಲೆಯಲ್ಲಿ ಉಣ್ಣಿ ಹೆಕ್ಕಬೇಕಾಯಿತು. ಆ ವರ್ಷ 466 ಜನ ಕಾಯಿಲೆ ಬಿದ್ದರು, ಮರುವರ್ಷ 181.

ರಷ್ಯಾದ ದಾಯಾದಿ ಎಂದಮೇಲೆ ಮುಂದಿನ ಪ್ರಶ್ನೆ ಸಹಜ: ರೆಕ್ಕೆಯಿಲ್ಲದ ಉಣ್ಣಿ ಸೈಬೀರಿಯಾದಿಂದ ಸೊರಬಕ್ಕೆ ಬಂದದ್ದು ಹೇಗೆ? ರೆಕ್ಕೆ ಇರುವವರ ಮೇಲೆ ಕೂತು ಬಂದಿರಬಹುದೇ? ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳ ಮೇಲೆ ಅನುಮಾನ ಹೋಯಿತು. ಹಕ್ಕಿಗಳೆಂದಮೇಲೆ ಭಾರತದಲ್ಲಿ ಒಂದೇ ವಿಳಾಸ, ಸಲೀಂ ಅಲಿ. ಅವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೊಡ್ಡ ವಲಸೆ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಬಂದದ್ದು ಈ ಮಂಗನ ಕಾಯಿಲೆಯ ಬೆನ್ನು ಹತ್ತಿ. ಬಲೆ ಹಾಕಿ ಹಿಡಿದ ಹಕ್ಕಿಯ ಕಾಲಿಗೆ ಉಂಗುರ ತೊಡಿಸುವುದು, ಪುಕ್ಕದ ಸಂದಿಯಲ್ಲಿ ಕಚ್ಚಿಕೊಂಡ ಉಣ್ಣಿಯನ್ನು ಬಿಡಿಸಿ ಸೀಸೆಗೆ ಹಾಕುವುದು, ಹಕ್ಕಿಯನ್ನು ಹಾರಬಿಡುವುದು. ಹಕ್ಕಿಪ್ರಿಯರಿಗೆ ಉಂಗುರ ಮುಖ್ಯ, ವೈರಾಣುಪ್ರಿಯರಿಗೆ ಸೀಸೆ ಮುಖ್ಯ. ಒಂದೇ ಬಲೆಯಲ್ಲಿ ಇಬ್ಬರ ಕೆಲಸವೂ ಆಯಿತು.

ಸೈಬೀರಿಯಾದ ಹಕ್ಕಿಯೇ ತಂದಿತೆಂಬುದಕ್ಕೆ ಪುರಾವೆ ಸಿಗಲೇ ಇಲ್ಲ. ಸಿಕ್ಕಿದ್ದು ಬೇರೆಯೇ ರಂಪ. ಇಂಥ ಹಕ್ಕಿ ಅಧ್ಯಯನಗಳಲ್ಲಿ ಅಮೆರಿಕದ ಸೇನೆಯ ಹಣವೂ ಇದೆ ಎಂದು 1970ರ ದಶಕದಲ್ಲಿ ಪತ್ರಿಕೆಗಳು ಬರೆದವು. ರೋಗಾಣು ಯುದ್ಧಕ್ಕೆ ನಮ್ಮ ಹಕ್ಕಿಗಳ ದಾರಿ ಅಳೆಯುತ್ತಿದ್ದಾರೆಯೇ ಎಂಬ ಕೂಗೆದ್ದಿತು. ವಿಷಯ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮುಂದೆ ಹೋಯಿತು. ಸೊರಬದ ಒಂದು ಉಣ್ಣಿ ದೆಹಲಿಯ ಸಂಸತ್ತಿನವರೆಗೆ ಹೋಗಿ ಬಂದ ಕಥೆ ಇದು.

ಅಂದಹಾಗೆ, ಮಂಗನ ಕಾಯಿಲೆಯ ವೈರಾಣುವಿಗೆ ತೀರಾ ಹತ್ತಿರದ ಒಡಹುಟ್ಟು ಈಗ ಗೊತ್ತಿರುವಂತೆ ಇರುವುದು ರಷ್ಯಾದಲ್ಲಲ್ಲ, ಸೌದಿ ಅರೇಬಿಯಾದಲ್ಲಿ. ಹೆಸರು ಅಲ್‌ಖುರ್ಮಾ. 1990ರ ದಶಕದ ಮಧ್ಯದಲ್ಲಿ ಪತ್ತೆಯಾದ ಅದು ಮೊದಲು ಸಿಕ್ಕಿದ್ದು ಮಾಂಸದಂಗಡಿಯ ಕೆಲಸದವರೊಬ್ಬರಲ್ಲಿ. ಅಲ್ಲಿ ಕುರಿ, ಒಂಟೆ, ಮರಳು. ಇಲ್ಲಿ ಮಂಗ, ಮಳೆ, ಅಡಿಕೆ ತೋಟ.

ಉಣ್ಣಿ, ಉಣ್ಣೆ, ಉಣುಗು: ಹೆಸರು ಊರಿಗೊಂದು. ಅದು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಎಲೆಯ ತುದಿಯಲ್ಲಿ ಕೂತು ಮುಂಗಾಲು ಚಾಚಿ ಕಾಯುತ್ತದೆ. ಆ ಮುಂಗಾಲಿನಲ್ಲೇ ಅದರ ಮೂಗು. ನಾವು ಬಿಡುವ ಉಸಿರಿನ ವಾಸನೆಯನ್ನು ಕಾಲಿನಿಂದ ಹಿಡಿಯುತ್ತದೆ. ಕಚ್ಚಿದರೆ ನೋವಾಗುವುದಿಲ್ಲ, ಎಂಜಲಿನಲ್ಲೇ ಮರಗಟ್ಟಿಸುವ ಮದ್ದಿದೆ. ಮಂಗನ ಕಾಯಿಲೆಯ ಮುಖ್ಯ ಉಣ್ಣಿ ಹೀಮಾಫೈಸಾಲಿಸ್ ಸ್ಪೈನಿಜೆರಾ. ಮನುಷ್ಯನಿಗೆ ರೋಗ ದಾಟಿಸುವುದು ಹೆಚ್ಚಾಗಿ ಅದರ ಎಳೆಯ ಪ್ರಾಯದ್ದು, ಸಾಸಿವೆ ಕಾಳಿಗಿಂತ ಸಣ್ಣದು. ಕನ್ನಡಕ ಹಾಕಿಕೊಂಡು ಹುಡುಕಿದರೂ ಕಂಡರೆ ಪುಣ್ಯ.

ಈ ಎಳೆಯುಣ್ಣಿಗಳ ಸುಗ್ಗಿ ನವೆಂಬರಿನಿಂದ ಮೇ ತನಕ. ಮನುಷ್ಯರ ಸುಗ್ಗಿ ಮುಗಿದು, ಮಳೆಗಾಲಕ್ಕೆ ಸೌದೆ ಕೂಡಿಡಲು, ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರಲು ಜನ ಬೆಟ್ಟ ಹತ್ತುವ ಕಾಲವೂ ಅದೇ. ಮಳೆ ಬಿದ್ದರೆ ಕಾಯಿಲೆಯೂ ನಿಲ್ಲುತ್ತದೆ. ಮಲೆನಾಡಿನವರು ಮುಂಗಾರನ್ನು ಕಾಯುವುದಕ್ಕೆ ಬೇಸಾಯ ಒಂದೇ ಕಾರಣವಲ್ಲ.

ಸಂಶೋಧಕರು ಉಣ್ಣಿ ಹಿಡಿಯುವ ಯಂತ್ರ ಹೇಗಿರುತ್ತದೆ? ಒಂದು ಬಿಳಿ ಬಟ್ಟೆ, ಅಷ್ಟೇ. ಕೋಲಿಗೆ ಕಟ್ಟಿ ಪೊದೆಗಳ ಮೇಲೆ, ತರಗೆಲೆಗಳ ಮೇಲೆ ಎಳೆದುಕೊಂಡು ಹೋಗುತ್ತಾರೆ. ಬಟ್ಟೆಯನ್ನು ಪ್ರಾಣಿ ಎಂದೇ ತಿಳಿದು ಉಣ್ಣಿ ಹತ್ತಿಕೊಳ್ಳುತ್ತದೆ, ಬಿಳಿಯ ಮೇಲೆ ಎದ್ದು ಕಾಣುತ್ತದೆ. ಬಟ್ಟೆ ಎಳೆಯುವವರೂ ಪ್ರಾಣಿಗಳೇ ಎಂಬುದನ್ನು ಉಣ್ಣಿ ಮರೆಯುವುದಿಲ್ಲ. ಈ ವೈರಾಣುವಿನ ಕೆಲಸ ಮಾಡುತ್ತಾ ಕಾಯಿಲೆ ಬಿದ್ದ ಪ್ರಯೋಗಾಲಯದ ಸಿಬ್ಬಂದಿಯೂ ಹಲವರು.

ಮನುಷ್ಯನಿಂದ ಮನುಷ್ಯನಿಗೆ ಮಂಗನ ಕಾಯಿಲೆ ಹರಡುವುದಿಲ್ಲ. ವೈರಾಣುವಿನ ಲೆಕ್ಕದಲ್ಲಿ ನಾವು ದಾರಿ ಕೊನೆಯಾಗುವ ಓಣಿ. ಅದು ವರ್ಷವಿಡೀ ಬದುಕುವುದು ಕಾಡಿನ ಇಲಿ, ಮೂಗಿಲಿ ಮುಂತಾದ ಸಣ್ಣ ಪ್ರಾಣಿಗಳ ಮತ್ತು ಉಣ್ಣಿಗಳ ನಡುವೆ. ಮಂಗದ ಮೈ ಹೊಕ್ಕಾಗ ಮಾತ್ರ ವಿಪರೀತ ಹೆಚ್ಚುತ್ತದೆ. ಕಾಯಿಲೆಗೆ ಹೆಸರು ಕೊಟ್ಟ ಮಂಗ ಅದರ ಮನೆಯೊಡೆಯನಲ್ಲ, ನಮ್ಮಂತೆ ಅದೂ ಏಟು ತಿಂದ ಪ್ರಾಣಿ.

ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಉಣ್ಣಿಗಳು ಇಳಿದು ಸುತ್ತ ಹರಡಿಕೊಳ್ಳುತ್ತವೆ. ಹೆಣ ಬಿದ್ದ ಜಾಗದ ಸುತ್ತ 50 ಮೀಟರ್‌ ಕೀಟನಾಶಕ ಉದುರಿಸಬೇಕೆನ್ನುವುದು ಇದಕ್ಕಾಗಿ. ಇಲ್ಲೇ ತಮಾಷೆ ಶುರು. ಔಷಧಿ ಪುಡಿ ಉದುರಿಸುವುದು ಆರೋಗ್ಯ ಇಲಾಖೆ, ಮಂಗವನ್ನು ಕೊಯ್ದು ಮಾದರಿ ತೆಗೆಯುವುದು ಪಶು ಇಲಾಖೆ, ಕಾಡು ಮತ್ತು ಮಂಗ ಎರಡೂ ಅರಣ್ಯ ಇಲಾಖೆ. ಬದುಕಿದ್ದಾಗ ಅಡಿಕೆ ಸಿಂಗಾರ ಕಿತ್ತರೂ ಕೇಳುವವರಿಲ್ಲದ ಪ್ರಾಣಿಗೆ, ಸತ್ತಮೇಲೆ ಮೂರು ಇಲಾಖೆಯ ಜೀಪು ಬರಬೇಕು. ಮೂರೂ ಒಂದೇ ದಿನ ಬಂದರೆ ಆ ಊರು ಗೆದ್ದಂತೆ. ಕೈಗವಸು, ಎಚ್ಚರ ತಪ್ಪಿದರೆ ಏನಾಗುತ್ತದೆಂಬುದನ್ನು 2012ರ ಕೊನೆಯಲ್ಲಿ ಬಂಡೀಪುರ ತೋರಿಸಿತು: ಮಂಗಗಳ ಹೆಣ ಸುಡುವ ಕೆಲಸಕ್ಕೆ ಹೋದವರೇ ಜ್ವರ ಹತ್ತಿ ಮಲಗಿದರು.

ಕೊಲಂಬಿಯಾ ದೇಶದ ಕಾಡಿನಲ್ಲಿ ಒಂದು ಮರ ಉರುಳಿದ್ದಕ್ಕೂ ನಮ್ಮ ಮಲೆನಾಡಿನ ಸಾಗರ ಪಟ್ಟಣಕ್ಕೂ ಸಂಬಂಧವಿದೆ. ಹೋರ್ಹೆ ಬೋಶೆಲ್ ಎಂಬ ವೈದ್ಯ ಅಲ್ಲಿ ಹಳದಿ ಜ್ವರದ ಮೂಲ ಹುಡುಕುತ್ತಿದ್ದರು. ಕಾಡಿನ ನೆಲದಲ್ಲಿ ಎಷ್ಟು ಜಾಲಾಡಿದರೂ ತಕ್ಕ ಸೊಳ್ಳೆ ಸಿಗದು. ಒಂದು ದಿನ ಮರ ಕಡಿಯುವವರು ದೊಡ್ಡ ಮರ ಉರುಳಿಸಿದಾಗ ಅದರ ನೆತ್ತಿಯಿಂದ ನೀಲಿ ಮೈಯ ಸೊಳ್ಳೆಗಳು ಹಿಂಡಾಗಿ ಇಳಿದವು. ಮಂಗಗಳ ನಡುವೆ ಮೇಲೆಲ್ಲೋ ಸುತ್ತುತ್ತಿದ್ದ ರೋಗ ಕೊಡಲಿ ಬಿದ್ದಾಗ ಮನುಷ್ಯನ ಹೆಗಲಿಗೆ ಬರುತ್ತಿತ್ತು.

ಇದೇ ಬೋಶೆಲ್ ಮುಂದೆ ಮಂಗನ ಕಾಯಿಲೆಯ ಕೆಲಸಕ್ಕೆ ಇಲ್ಲಿಗೆ ಬಂದರು. ಸಾಗರದಲ್ಲಿ ಪುಣೆಯ ಕೇಂದ್ರದ ಕ್ಷೇತ್ರ ಠಾಣೆಯಿತ್ತು, ಪಿ. ಕೆ. ರಾಜಗೋಪಾಲನ್ ಅವರಂಥ ಕೀಟತಜ್ಞರು ಜೊತೆಗಿದ್ದರು. 1969ರಲ್ಲಿ ಬೋಶೆಲ್ ಬರೆದ ಪ್ರಬಂಧದ ತಿರುಳು ಇಷ್ಟು: ವೈರಾಣು ಹೊರಗಿನಿಂದ ಬಂದಿರಬೇಕಾಗಿಲ್ಲ, ಕಾಡಿನಲ್ಲಿ ತನ್ನ ಪಾಡಿಗೆ ಮೊದಲಿನಿಂದಲೂ ಇದ್ದಿರಬಹುದು. ಜನ ಹೆಚ್ಚಿ, ಕಾಡು ಕಡಿದು ಗದ್ದೆ ತೋಟ ಮಾಡಿ, ಅಂಚಿನಲ್ಲಿ ಪೊದೆ ಬೆಳೆದು, ದನಗಳು ಕಾಡಿಗೆ ಹೊಕ್ಕಾಗ ಲೆಕ್ಕ ತಪ್ಪಿತು. ಸೈಬೀರಿಯಾದ ಹಕ್ಕಿಯ ಕಥೆಗಿಂತ ಇದು ಸಪ್ಪೆ. ಆದರೆ ಅರ್ಧ ಶತಮಾನದ ಮೇಲೂ ಮಣ್ಣು ಹಿಡಿದು ನಿಂತಿರುವುದು ಇದೇ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರೂ ಬ್ರಿಟನ್ನಿನ ಪರಿಸರ ವಿಜ್ಞಾನಿಗಳೂ ಪಶು ವಿಜ್ಞಾನಿಗಳೊಂದಿಗೆ ಸೇರಿ ಇತ್ತೀಚೆಗೆ ನಕ್ಷೆ ಬರೆದಾಗಲೂ ಅಪಾಯ ಹೆಚ್ಚೆಂದು ಕಂಡದ್ದು ನಡುಗಾಡಿನಲ್ಲಲ್ಲ, ಕಾಡೂ ತೋಟವೂ ಹೆಣೆದುಕೊಂಡ ಜಾಗಗಳಲ್ಲಿ. ನಮ್ಮ ಮನೆಯ ಹಿತ್ತಿಲು ಎಂದರೂ ತಪ್ಪಿಲ್ಲ.

ದನದ ಪಾತ್ರ ವಿಚಿತ್ರ. ಈ ವೈರಾಣುವಿನಿಂದ ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಬಲಿತ ಉಣ್ಣಿಗೆ ಮೊಟ್ಟೆಯಿಡುವ ಮುನ್ನ ಹೊಟ್ಟೆ ತುಂಬ ರಕ್ತ ಬೇಕು, ದೊಡ್ಡ ಪ್ರಾಣಿ ಬೇಕು. ಮೇಯಲು ಬಿಟ್ಟ ದನಕ್ಕಿಂತ ಅನುಕೂಲದ ಊಟದ ಮನೆ ಅದಕ್ಕೆ ಎಲ್ಲಿ ಸಿಕ್ಕೀತು? ಒಂದೊಂದು ಹೆಣ್ಣುಣ್ಣಿಯ ಮೊಟ್ಟೆಗಳ ಲೆಕ್ಕ ಸಾವಿರದಲ್ಲಿ.

1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಸವರಿದ ಮೇಲೆ ಬಂದ ಹಾವಳಿ ಈ ಕಾಯಿಲೆಯ ಚರಿತ್ರೆಯಲ್ಲೇ ದೊಡ್ಡದು. ಸಾವಿರಕ್ಕೂ ಮೀರಿ ಜನ ಮಲಗಿದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ಗೇರುಬೀಜದ ಲೆಕ್ಕಪತ್ರದಲ್ಲಿ ಈ ಖರ್ಚನ್ನು ಯಾವ ಕಾಲಮ್ಮಿನಲ್ಲಿ ಬರೆದರೋ.

ಹೆಚ್ಚುಕಡಿಮೆ ಐವತ್ತು ವರ್ಷ ಇದು ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಜ್ವರವಾಗಿಯೇ ಉಳಿದಿತ್ತು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಎಂದು ಘಟ್ಟದ ಉದ್ದಕ್ಕೂ ತಲೆ ಎತ್ತಿದೆ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ತಂದ ಸಾವುನೋವು ಮಲೆನಾಡಿಗೆ ಇನ್ನೂ ನೆನಪಿದೆ.

'ಇಲಿ ಬಿತ್ತು' ಎಂಬ ಮಾತು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದೀರಾ? ಪ್ಲೇಗಿನ ಕಾಲದಲ್ಲಿ ಮನೆಯೊಳಗೆ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಸಾವನ್ನೂ ಮನುಷ್ಯನ ಸಾವನ್ನೂ ಜೋಡಿಸುವ ಕೊಂಡಿ ಇಲಿಯ ಮೈಮೇಲಿನ ಚಿಗಟ ಎಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದು 1898ರ ಜೂನಿನಲ್ಲಿ. ಕೆಲವೇ ವಾರಗಳಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಸಿಮೊಂಡರ ಮಾತನ್ನು ಲೋಕ ನಂಬಲು ಇನ್ನೂ ಹಲವು ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮವರು ಪ್ಲೇಗಮ್ಮನಿಗೆ ಗುಡಿ ಕಟ್ಟಿಸಿ ಆಗಿತ್ತು. ಇಲಿ ಬಿದ್ದರೆ ಊರು ಬಿಡು ಎಂಬುದಕ್ಕೂ ಮಂಗ ಬಿದ್ದರೆ ಬೆಟ್ಟಕ್ಕೆ ಹೋಗಬೇಡ ಎಂಬುದಕ್ಕೂ ಹೆಚ್ಚು ದೂರವಿಲ್ಲ.

ಬ್ರೆಜಿಲ್‌ನಲ್ಲಿ 2016–17ರ ಹಳದಿ ಜ್ವರದ ವೇಳೆ ಹೆದರಿದ ಜನ ಮಂಗಗಳನ್ನೇ ಹೊಡೆದು ಕೊಂದರು. ಮಂಗ ರೋಗ ಹರಡುವುದಿಲ್ಲ, ರೋಗ ಬಂದಿದೆಯೆಂದು ಮೊದಲು ತಿಳಿಸುವುದೇ ಅದು, ಕೊಲ್ಲಬೇಡಿ ಎಂದು ಅಲ್ಲಿನ ಆರೋಗ್ಯಾಧಿಕಾರಿಗಳು ಬೇಡಿಕೊಳ್ಳಬೇಕಾಯಿತು. ಮನೆಯ ಕಾವಲು ನಾಯಿ ಬೊಗಳಿತೆಂದು ಅದನ್ನೇ ಹೊಡೆದಂತೆ.

ಪ್ರಾಣಿಯ ಸಾವು ಸುದ್ದಿ ಹೇಳಿದರೂ ಬೇಗ ಕೇಳಿಸಿಕೊಳ್ಳದ ಇನ್ನೊಂದು ಊರು ನ್ಯೂಯಾರ್ಕ್. 1999ರ ಬೇಸಿಗೆಯಲ್ಲಿ ಅಲ್ಲಿ ವಯಸ್ಸಾದವರು ಮಿದುಳು ಜ್ವರದಿಂದ ಸಾಯುತ್ತಿದ್ದರು. ಸೇಂಟ್ ಲೂಯಿಸ್ ಜ್ವರ ಎಂದು ತೀರ್ಪಾಯಿತು. ಬ್ರಾಂಕ್ಸ್ ಮೃಗಾಲಯದ ಪಶುವೈದ್ಯೆ ಟ್ರೇಸಿ ಮ್ಯಾಕ್ನಮಾರಾ ಒಪ್ಪಲಿಲ್ಲ. ಅವರ ಸುತ್ತ ಕಾಗೆಗಳು ಸಾಯುತ್ತಿದ್ದವು, ಮೃಗಾಲಯದೊಳಗೆ ರಾಜಹಂಸಗಳು ಸಾಯುತ್ತಿದ್ದವು. ಸೇಂಟ್ ಲೂಯಿಸ್ ಜ್ವರ ಹಕ್ಕಿಗಳನ್ನು ಹಾಗೆ ಕೊಲ್ಲುವುದಿಲ್ಲ. ಮನುಷ್ಯರ ಇಲಾಖೆಯವರು ಕಾಗೆಯ ಮಾತಿಗೆ ಕಿವಿಗೊಡಲು ವಾರಗಳೇ ಬೇಕಾದವು. ಕೊನೆಗೆ ಗೊತ್ತಾದದ್ದು, ಅದು ಅಮೆರಿಕ ಖಂಡಕ್ಕೆ ಮೊದಲ ಬಾರಿ ಕಾಲಿಟ್ಟ ವೆಸ್ಟ್ ನೈಲ್ ವೈರಾಣು.

ಮಲೇಷ್ಯಾದಲ್ಲಿ ಅದೇ ಸುಮಾರಿಗೆ ಇದೇ ತಪ್ಪು ಇನ್ನೂ ದುಬಾರಿಯಾಗಿತ್ತು. 1998ರಲ್ಲಿ ಹಂದಿ ಸಾಕುವವರು ಮಿದುಳು ಜ್ವರದಿಂದ ಬೀಳತೊಡಗಿದಾಗ ಜಪಾನೀ ಮಿದುಳು ಜ್ವರವೆಂದು ಲಸಿಕೆ ಹಾಕಿದರು, ಸೊಳ್ಳೆಗೆ ಹೊಗೆ ಬಿಟ್ಟರು. ಆದರೆ ಆ ಜ್ವರ ಹೆಚ್ಚಾಗಿ ಮಕ್ಕಳನ್ನು ಹಿಡಿಯುತ್ತದೆ, ಇಲ್ಲಿ ಬೀಳುತ್ತಿದ್ದವರು ದುಡಿಯುವ ಗಂಡಸರು. ಲಸಿಕೆ ಹಾಕಿಸಿಕೊಂಡವರೂ ಬಿದ್ದರು. ಹಂದಿಗಳು ಬೇರೆ ದೂರಕ್ಕೆ ಕೇಳುವಂತೆ ಕೆಮ್ಮುತ್ತಿದ್ದವು. ಹಂದಿ ದೊಡ್ಡಿಯ ಪಕ್ಕದಲ್ಲೇ ಹಣ್ಣಿನ ಮರ, ಮರದ ಮೇಲೆ ದೊಡ್ಡ ಬಾವಲಿ, ಬಾವಲಿ ಕಚ್ಚಿ ಬಿಟ್ಟ ಹಣ್ಣು ಹಂದಿಯ ಬಾಯಿಗೆ. ನಿಪಾ ಎಂಬ ಹೆಸರು ಬಂದು ಹಾವಳಿ ಮುಗಿಯುವಷ್ಟರಲ್ಲಿ 105 ಜನ ಹೋಗಿದ್ದರು. ಹತ್ತು ಲಕ್ಷಕ್ಕೂ ಮೀರಿ ಹಂದಿಗಳನ್ನು ಕೊಂದರು.

ಬಾಂಗ್ಲಾದೇಶದಲ್ಲಿ ಅದೇ ನಿಪಾ ಹಂದಿಯ ಹಂಗಿಲ್ಲದೆ ಬರುತ್ತದೆ. ಅಲ್ಲಿ ಚಳಿಗಾಲದಲ್ಲಿ ಈಚಲು ಮರ ಕೆತ್ತಿ ಮಡಕೆ ಕಟ್ಟಿ, ಇಳಿದ ರಸವನ್ನು ಬೆಳಗ್ಗೆ ಹಸಿಯಾಗಿಯೇ ಕುಡಿಯುತ್ತಾರೆ. ರಾತ್ರಿ ಕ್ಯಾಮೆರಾ ಇಟ್ಟು ನೋಡಿದಾಗ ಬಾವಲಿಗಳು ಸರದಿಯಲ್ಲಿ ಬಂದು ಅದೇ ಧಾರೆಯನ್ನು ನೆಕ್ಕುತ್ತಿದ್ದವು. ಕೆತ್ತಿದ ಜಾಗಕ್ಕೆ ಬಿದಿರಿನ ತಟ್ಟಿ ಕಟ್ಟಿದರೆ ಬಾವಲಿಗೆ ರಸ ಎಟುಕುವುದಿಲ್ಲ. ವೈದ್ಯ, ಬಾವಲಿ ತಜ್ಞ, ಹಳ್ಳಿಯ ಮಾತು ಕೇಳಿಸಿಕೊಳ್ಳುವ ಸಮಾಜಶಾಸ್ತ್ರಜ್ಞ ಎಲ್ಲರೂ ಸೇರಿದ ಸಂಶೋಧನೆಯ ಫಲ ಒಂದು ತಟ್ಟಿ. ನನಗಂತೂ ಇದು ಎಷ್ಟೋ ದೊಡ್ಡ ಯಂತ್ರಗಳಿಗಿಂತ ಇಷ್ಟ.

ಪ್ರಾಣಿ ಸಾಯಲು ಯಾವಾಗಲೂ ರೋಗಾಣುವೇ ಬೇಕೆಂದಿಲ್ಲ. ರಣಹದ್ದುಗಳಿಗೆ ನೋವಿನ ಮಾತ್ರೆ ಕೊಟ್ಟವರಾರು? ನಾವೇ, ದನದ ಮೂಲಕ. 1990ರ ದಶಕದಲ್ಲಿ ಡೈಕ್ಲೋಫಿನಾಕ್ ಎಂಬ ನೋವಿನ ಮದ್ದು ಅಗ್ಗವಾಗಿ ಸಿಕ್ಕು, ಕುಂಟುವ ಎತ್ತಿಗೂ ಕೆಚ್ಚಲು ಬಾತ ಹಸುವಿಗೂ ಅದೇ ಚುಚ್ಚುಮದ್ದಾಯಿತು. ಸತ್ತ ದನ ಊರಾಚೆ, ದನದ ಮಾಂಸ ಹದ್ದಿನ ಹೊಟ್ಟೆಗೆ, ಹದ್ದಿನ ಮೂತ್ರಪಿಂಡ ಹಾಳು. ಕೆಲವೇ ವರ್ಷಗಳಲ್ಲಿ ಭಾರತದ ಮುಖ್ಯ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಾಯ. ರೋಗವೇ ಇರಬೇಕೆಂದು ವೈರಾಣು ಹುಡುಕುತ್ತಿದ್ದಾಗ, ಪಾಕಿಸ್ತಾನದಲ್ಲಿ ಕೆಲಸ ಮಾಡುತ್ತಿದ್ದ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಔಷಧದ ಕೈವಾಡವನ್ನು 2004ರಲ್ಲಿ ಬಯಲು ಮಾಡಿದರು. 2006ರಲ್ಲಿ ದನಗಳಿಗೆ ಆ ಔಷಧವನ್ನು ಭಾರತ ನಿಷೇಧಿಸಿತು.

ಮುಂದಿನ ಅಧ್ಯಾಯ ಬರೆದವರು ಅರ್ಥಶಾಸ್ತ್ರಜ್ಞರು. ಹದ್ದು ಹೋದಲ್ಲಿ ಕೊಳೆತ ಹೆಣ ಉಳಿಯಿತು, ನೀರು ಕೆಟ್ಟಿತು, ನಾಯಿ ಹೆಚ್ಚಿತು. ಹದ್ದು ಹೆಚ್ಚಿದ್ದ ಜಿಲ್ಲೆಗಳನ್ನೂ ಮೊದಲೇ ಕಡಿಮೆ ಇದ್ದ ಜಿಲ್ಲೆಗಳನ್ನೂ ಹೋಲಿಸಿ ಎಯಾಲ್ ಫ್ರಾಂಕ್, ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಂದಾಜು: 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಮನುಷ್ಯ ಸಾವುಗಳು. ಅಂದಾಜು ಅಂದಾಜೇ, ತಜ್ಞರು ತಕರಾರು ಎತ್ತಬಹುದು. ಆದರೆ ಹದ್ದಿನ ಸಂಬಳ ಎಷ್ಟಿತ್ತೆಂದು ಲೆಕ್ಕ ಹಾಕಲು ಕೂತವರು ಅದಕ್ಕೆ ಮುಂಚೆ ಎಷ್ಟು ಜನರಿದ್ದರು?

'ಶೋಲೆ' ಚಿತ್ರದ ಬಂಡೆಗಳ ಊರು ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಉದ್ದ ಕೊಕ್ಕಿನ ಹದ್ದುಗಳು ಅಲ್ಲಿ ಕೈಬೆರಳೆಣಿಕೆಯಷ್ಟಿವೆ. ಗಬ್ಬರ್ ಸಿಂಗನನ್ನು ನೋಡಲು ಹೋಗುವವರು ಒಮ್ಮೆ ಕತ್ತೆತ್ತಿ ನೋಡಬಹುದು.

ಇನ್ನು ಸರಸರನೆ ಕೆಲವು. ಕೀಟ, ಉಣ್ಣಿಯಂಥ ಜೀವಿ ಕಚ್ಚಿ ರೋಗ ಹರಡುತ್ತದೆಂದು ಮೊದಲು ಗಟ್ಟಿಯಾಗಿ ಸಾಬೀತಾದದ್ದು ಸೊಳ್ಳೆಯಲ್ಲಲ್ಲ, ದನದ ಉಣ್ಣಿಯಲ್ಲಿ: 1893, ಅಮೆರಿಕ, ಥಿಯೊಬಾಲ್ಡ್ ಸ್ಮಿತ್ ಎಂಬ ವೈದ್ಯ, ಕಿಲ್ಬರ್ನ್ ಎಂಬ ಪಶುವೈದ್ಯ. ಮಲೇರಿಯಾ ಸೊಳ್ಳೆಯ ಮೂಲಕ ದಾಟುವ ಪೂರ್ತಿ ದಾರಿಯನ್ನು ರೊನಾಲ್ಡ್ ರಾಸ್ 1898ರಲ್ಲಿ ಕಲ್ಕತ್ತೆಯಲ್ಲಿ ಕಂಡದ್ದು ಮನುಷ್ಯನಲ್ಲಲ್ಲ, ಗುಬ್ಬಿಯಂಥ ಹಕ್ಕಿಗಳಲ್ಲಿ. ದನ ಕಂದು ಹಾಕುವ ರೋಗವೂ ದನದ ಕ್ಷಯವೂ ಹಸಿ ಹಾಲಿನಲ್ಲಿ ನಮ್ಮೊಳಗೆ ಬರಬಲ್ಲವು. ಹಾಲನ್ನು ಉಕ್ಕಿಸದೆ ಒಲೆಯಿಂದ ಇಳಿಸದ ನಮ್ಮ ಅಡುಗೆಮನೆಗಳು ತಮಗೆ ಗೊತ್ತಿಲ್ಲದೆಯೇ ಎಷ್ಟೋ ಆಸ್ಪತ್ರೆಗಳ ಕೆಲಸ ಮಾಡಿವೆ. ಇಲಿಜ್ವರ ಬರಲು ಇಲಿ ಕಚ್ಚಬೇಕಾಗಿಲ್ಲ, ಅದರ ಮೂತ್ರ ಬೆರೆತ ಗದ್ದೆಯ ನೀರು ಕಾಲಿನ ಗಾಯಕ್ಕೆ ತಗುಲಿದರೆ ಸಾಕು. ಆಸ್ಪತ್ರೆಯಲ್ಲಿ ಬೇರೆಲ್ಲ ಸೋತಾಗ ಕೊಡುವ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಕೋಳಿ ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದರು. ಭಾರತ ಅದನ್ನು ತಡೆದದ್ದು 2019ರಲ್ಲಿ.

ವ್ಯಾಕ್ಸಿನ್ ಎಂಬ ಮಾತಿನ ಒಳಗೆ ಒಂದು ಹಸು ಇದೆ. ಲ್ಯಾಟಿನ್ನಿನಲ್ಲಿ ವಾಕಾ ಎಂದರೆ ಹಸು; ದನದ ಸಿಡುಬಿನಿಂದ ಮನುಷ್ಯನ ಸಿಡುಬಿಗೆ ತಡೆ ಹುಟ್ಟಿದ್ದರಿಂದ ಆ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ, 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೈಸೂರಿನ ರಾಣಿಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೆರಗನ್ನು ತುಸು ಸರಿಸಿ ತೋಳಿನ ಕಡೆ ಗಮನ ಸೆಳೆಯುತ್ತಾಳೆ. ಅದು ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ, ಪ್ರಜೆಗಳಿಗೆ ಧೈರ್ಯ ತುಂಬಲು ಬರೆಸಿದ ಚಿತ್ರವದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ.

ಈ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಈಗ 'ಒನ್ ಹೆಲ್ತ್', ಏಕ ಆರೋಗ್ಯ ಎನ್ನುತ್ತಾರೆ. ಹೆಸರು ಹೊಸದು, ವಿಚಾರ ಹಳೆಯದು. ಪ್ರಾಣಿಯಿಂದ ಮನುಷ್ಯನಿಗೆ ದಾಟುವ ರೋಗಗಳಿಗೆ 'ಝೂನೋಸಿಸ್' ಎಂಬ ಪದ ಕೊಟ್ಟ ಜರ್ಮನಿಯ ರುಡಾಲ್ಫ್ ವಿರ್ಕೋ 19ನೇ ಶತಮಾನದವರು. ಭಾರತ ಸರ್ಕಾರದ ಪಶುಸಂಗೋಪನಾ ಇಲಾಖೆ ತನ್ನ ಏಕ ಆರೋಗ್ಯದ ಪ್ರಾಯೋಗಿಕ ಯೋಜನೆಗೆ ಬೆಂಗಳೂರಿನಲ್ಲಿ ಚಾಲನೆ ಕೊಟ್ಟದ್ದು 2022ರ ಜೂನ್ 28ರಂದು. ಫಲಕ ಬರೆಸುವುದು ಸುಲಭ. ಮೂರು ಜೀಪು ಒಂದೇ ದಿನ ಬರುವುದು ಕಷ್ಟ.

ಕೊನೆಯದಾಗಿ ಲಸಿಕೆಯ ಕಥೆ. ದನಗಳ ದೊಡ್ಡರೋಗ ನಿಮಗೆ ನೆನಪಿರಲಿಕ್ಕಿಲ್ಲ, ಏಕೆಂದರೆ ಅದು ಭೂಮಿಯ ಮೇಲೆಯೇ ಇಲ್ಲ. ಸಿಡುಬಿನ ನಂತರ ಮನುಷ್ಯ ಬೇರುಸಹಿತ ಕಿತ್ತ ಎರಡನೆಯ ರೋಗ ಅದು, ಘೋಷಣೆ 2011ರಲ್ಲಾಯಿತು. ಒಂದು ಕಾಲಕ್ಕೆ ಆ ರೋಗದ ವಿರುದ್ಧ ಹೋರಾಡಲು ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆಯೇ ಇಂದು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. ಕೊಟ್ಟಿಗೆಯ ಲಸಿಕೆಗಳ ನಡುವೆ ಅಲ್ಲಿ ಮನುಷ್ಯರಿಗೂ ಒಂದು ತಯಾರಾಗುತ್ತಿತ್ತು. ಮಂಗನ ಕಾಯಿಲೆಯ ಲಸಿಕೆ! ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್ ಹಾಕಿ ಸಾಯಿಸಿ ಮಾಡಿದ್ದು. ಮಂಗದ ಹೆಸರಿನ, ಉಣ್ಣಿ ಹರಡುವ, ಮನುಷ್ಯನ ಕಾಯಿಲೆಗೆ ಕೋಳಿಯ ಕೋಶದಲ್ಲಿ ಬೆಳೆದ ಮದ್ದು, ದನದ ಸಂಸ್ಥೆಯಿಂದ. 1990ರಿಂದ ಮಲೆನಾಡಿನ ಸಾವಿರಾರು ತೋಳುಗಳಿಗೆ ಅದು ಹೋಗಿದೆ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ವರ್ಷ ವರ್ಷ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು, ನೋವೂ ಜೋರು. ಹಾಗಾಗಿ ಆರೋಗ್ಯ ಕಾರ್ಯಕರ್ತೆಯರು ಬರುವುದು ಕಂಡರೆ ಜನ ಹಿತ್ತಿಲ ಬಾಗಿಲಿನಿಂದ ತೋಟಕ್ಕಿಳಿಯುತ್ತಿದ್ದರು. ಲಸಿಕೆಯ ಕಸುವು ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಜೋಡಿಸಿರುವುದು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ. ಆ ಕಂಪನಿಯನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ 1982ರಲ್ಲಿ ಹುಟ್ಟುಹಾಕಿದ್ದು ಹಸುಗಳ ಕಾಲುಬಾಯಿ ರೋಗದ ಲಸಿಕೆ ಮಾಡಲು.